‘ರೆಪೊ ತೆಗಿ’ ಅಂದರೆ ಏನು? ಅಳಿಸುವ ಟೂಲ್‌ಗೆ ವಿವರಣೆ ಬರೆದ ಒಂದು ಪ್ರಕರಣ

ಇಪ್ಪತ್ತು ಜನರೂ ಇಲ್ಲದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಡೆದದ್ದು ಇದು. ಕಂಪನಿ ಯಾವುದು, ಯಾವ ಊರು, ಗಿರಾಕಿ ಯಾರು ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ. ರೆಪೊಗಳ (ರೆಪೊಸಿಟರಿ, ಅಂದರೆ ಒಂದು ಪ್ರಾಜೆಕ್ಟ್‌ನ ಕೋಡ್, ಅದರ ಇತಿಹಾಸ ಎಲ್ಲ ಇಡುವ ಜಾಗ) ಹೆಸರನ್ನೂ ಬದಲಿಸಿದ್ದೇನೆ. ನಾನು ಅಲ್ಲಿ ದಾಖಲೆ ಬರೆಯುವವನು. ಅಂದರೆ ಬೇರೆಯವರು ಕೋಡ್ ಬರೆದ ಮೇಲೆ ‘ಇದು ಏನು ಮಾಡುತ್ತೆ’ ಅಂತ ಅವರ ಹಿಂದೆ ಅಲೆಯುವವನು.

ನಮ್ಮ ಕೋಡ್ ಎಲ್ಲ ಗಿಟ್‌ಹಬ್ ಅನ್ನುವ ಕೋಡ್ ಇಡುವ ತಾಣದಲ್ಲಿದೆ. ತಂಡದ ಚಾಟ್‌ಗೆ ಒಂದು ಎಐ ಏಜೆಂಟ್ ಸೇರಿಸಿಕೊಂಡಿದ್ದೆವು. ಹೊಸ ರೆಪೊ ಮಾಡು, ಬ್ರಾಂಚ್ (ಕೋಡ್‌ನ ಕವಲು) ಮಾಡು, ಬಾಕಿ ಇಶ್ಯೂಗಳ (ದೂರು, ಕೆಲಸಗಳ ಟಿಪ್ಪಣಿ) ಪಟ್ಟಿ ಕೊಡು, ಇಂಥ ಚಿಲ್ಲರೆ ಕೆಲಸಕ್ಕೆ. ಏಜೆಂಟ್‌ಗೂ ಗಿಟ್‌ಹಬ್‌ಗೂ ನಡುವೆ ನಮ್ಮದೇ ಒಂದು ಪುಟ್ಟ ಸರ್ವರ್ ಇತ್ತು. 2024ರ ನವೆಂಬರ್‌ನಲ್ಲಿ ಆಂತ್ರೊಪಿಕ್ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಇದೆಯಲ್ಲ, ಎಂಸಿಪಿ, ಅದರ ಪ್ರಕಾರ ಬರೆದದ್ದು. ಈ ಪದ್ಧತಿಯಲ್ಲಿ ಪ್ರತಿ ಟೂಲ್‌ಗೂ, ಅಂದರೆ ಏಜೆಂಟ್ ಮಾಡಿಸಬಹುದಾದ ಪ್ರತಿ ಕೆಲಸಕ್ಕೂ, ಒಂದು ಹೆಸರು, ಒಂದು ವಿವರಣೆ, ಯಾವ್ಯಾವ ಮಾಹಿತಿ ಕೊಡಬೇಕು ಅನ್ನುವ ಪಟ್ಟಿ ಇರುತ್ತದೆ. ಏಜೆಂಟ್‌ಗೆ ಕಾಣುವುದು ಇಷ್ಟೇ. ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ಬೀಗ ಹಾಕಿದ ಅಂಗಡಿಯ ಬೋರ್ಡ್ ಓದಿ ಒಳಗೆ ಏನು ಮಾರುತ್ತಾರೆ ಅಂತ ಊಹಿಸುವ ಕೆಲಸ ಅದರದು.

ಅಳಿಸುವ ಟೂಲ್‌ನ ಬೋರ್ಡ್ ಹೀಗಿತ್ತು: ‘ರೆಪೊ ಅಳಿಸುತ್ತದೆ.’ ಎರಡು ಪದ. ಮೂಲ ಇಂಗ್ಲಿಷ್‌ನಲ್ಲಿತ್ತು, ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಕೊಡಬೇಕಾದ ಮಾಹಿತಿಯೂ ಎರಡೇ, ಮಾಲೀಕ ಮತ್ತು ಹೆಸರು. ರಾತ್ರಿ ಹೊತ್ತು ಟೆಸ್ಟ್ ರೆಪೊಗಳನ್ನು ಗುಡಿಸಿ ಹಾಕಲು ನಮ್ಮ ಹುಡುಗನೊಬ್ಬ ಮಾಡಿಕೊಂಡಿದ್ದ ಟೂಲ್ ಅದು. ಅದಕ್ಕಾಗಿ ಟೋಕನ್‌ಗೆ (ಗಿಟ್‌ಹಬ್ ಒಳಗೆ ಬಿಡುವ ಗುಪ್ತ ಕೀಲಿಗೆ) ರೆಪೊ ಅಳಿಸುವ ಅನುಮತಿ ಕೊಟ್ಟಿದ್ದ. ಆಮೇಲೆ ಅದೇ ಟೋಕನ್ ಎಲ್ಲ ಕಡೆ ಓಡಾಡಿತು. ಯಾರೂ ತಿರುಗಿ ನೋಡಲಿಲ್ಲ.

ಗಿಟ್‌ಹಬ್ ಪುಟದಲ್ಲಿ ಒಂದು ರೆಪೊ ಅಳಿಸಲು ಹೋಗಿ ನೋಡಿ. ಸೆಟ್ಟಿಂಗ್ಸ್‌ನ ಕೊನೆವರೆಗೂ ಇಳಿಯಬೇಕು. ಕೆಂಪು ಚೌಕಟ್ಟು ಬರುತ್ತದೆ. ಏನೇನು ಹೋಗುತ್ತದೆ ಅಂತ ಹೇಳುತ್ತದೆ. ಕೊನೆಗೆ ರೆಪೊ ಹೆಸರನ್ನು ನೀವೇ ಟೈಪ್ ಮಾಡಬೇಕು. ಎಪಿಐನಲ್ಲಿ, ಅಂದರೆ ಒಂದು ಪ್ರೋಗ್ರಾಂ ಗಿಟ್‌ಹಬ್ ಜೊತೆ ನೇರ ಮಾತಾಡುವ ದಾರಿಯಲ್ಲಿ, ಇದು ಯಾವುದೂ ಇಲ್ಲ. ಒಂದು ಡಿಲೀಟ್ ಕೋರಿಕೆ ಹೋಗುತ್ತದೆ, 204 (ಕೆಲಸ ಆಯಿತು) ಅನ್ನುವ ಖಾಲಿ ಉತ್ತರ ಬರುತ್ತದೆ, ಮುಗಿಯಿತು. ಆ ಕೆಂಪು ಚೌಕಟ್ಟೂ ಒಂಥರಾ ದಾಖಲೆಯೇ ಆಗಿತ್ತು ಅಂತ ನನಗೆ ಹೊಳೆದದ್ದು ತುಂಬಾ ತಡವಾಗಿ. ಎಪಿಐ ಮೇಲೆ ಟೂಲ್ ಕಟ್ಟಿದಾಗ ಆ ದಾಖಲೆಯನ್ನು ನಾವು ಹಿಂದೆಯೇ ಬಿಟ್ಟು ಬಂದಿದ್ದೆವು.

ಆ ಮಧ್ಯಾಹ್ನ

ಕೆಲಸಕ್ಕೆ ಸೇರಿ ಎರಡು ವಾರ ಆಗಿದ್ದ ಒಬ್ಬ ಹುಡುಗ ಊಟ ಮುಗಿಸಿ ಬಂದು ಚಾಟ್‌ನಲ್ಲಿ ಏಜೆಂಟ್‌ಗೆ ಬರೆದ: ‘ಟ್ರೇನಿಂಗ್-ಪೋರ್ಟಲ್ ರೆಪೊ ತೆಗಿ.’

ಏಜೆಂಟ್ ಉತ್ತರ: ‘ತೆಗೆದಿದ್ದೇನೆ.’

ಲಿಂಕ್ ಬರುತ್ತೆ ಅಂತ ಅವನು ಕಾದ. ಬರಲಿಲ್ಲ. ‘ಎಲ್ಲಿ?’ ಅಂತ ಕೇಳಿದ. ‘ಆ ಹೆಸರಿನ ರೆಪೊ ಈಗ ಇಲ್ಲ. ಹೊಸದಾಗಿ ಮಾಡಿಕೊಡಲೇ?’ ಅಂತು ಏಜೆಂಟ್. ಅವನಿಗೆ ಏನೂ ಅರ್ಥವಾಗಲಿಲ್ಲ. ಹೊಸಬ ಬೇರೆ, ಇನ್ನೊಬ್ಬರನ್ನು ಕೇಳಲು ಸಂಕೋಚ. ‘ಹೂಂ’ ಅಂತ ಹಾಕಿದ. ಎರಡು ನಿಮಿಷದೊಳಗೆ ಗಿರಾಕಿಯ ಪ್ರಾಜೆಕ್ಟ್ ಇದ್ದ ಜಾಗದಲ್ಲಿ ಅದೇ ಹೆಸರಿನ ಖಾಲಿ ರೆಪೊ ಕೂತಿತ್ತು.

ಕೋಡ್ ಕಳೆದುಹೋಗುವ ಭಯ ಇರಲಿಲ್ಲ. ನಾಲ್ಕೈದು ಲ್ಯಾಪ್‌ಟಾಪ್‌ಗಳಲ್ಲಿ ಪೂರ್ತಿ ಇತಿಹಾಸದ ಸಮೇತ ಪ್ರತಿ ಇತ್ತು, ಗಿಟ್‌ನ ಪುಣ್ಯ. ಹೋದದ್ದು ಕೋಡ್ ಬಿಟ್ಟು ಮಿಕ್ಕಿದ್ದೆಲ್ಲ: ಇಶ್ಯೂಗಳು, ಪುಲ್ ರಿಕ್ವೆಸ್ಟ್‌ನಲ್ಲಿ (ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಯಲ್ಲಿ) ನಡೆದಿದ್ದ ಚರ್ಚೆ, ರಿಲೀಸ್‌ಗೆ ಸೇರಿಸಿದ್ದ ಎಪಿಕೆ (ಆಂಡ್ರಾಯ್ಡ್ ಆ್ಯಪ್) ಫೈಲ್‌ಗಳು. ಗಿಟ್‌ಹಬ್‌ನಲ್ಲಿ ಅಳಿಸಿದ ರೆಪೊವನ್ನು ಕೆಲವು ಸಂದರ್ಭಗಳಲ್ಲಿ 90 ದಿನದೊಳಗೆ ವಾಪಸ್ ತರಬಹುದು. ಅಳಿಸಿದ ಮೇಲೆ ವಾಪಸ್ ತರಬಹುದಾದ ರೆಪೊಗಳ ಪಟ್ಟಿಯಲ್ಲಿ ಅದು ಕಾಣಲು ಒಂದು ಗಂಟೆವರೆಗೂ ಹಿಡಿಯಬಹುದು. ಆ ಒಂದು ಗಂಟೆ ನಮ್ಮ ತಂಡದ ಲೀಡ್ ಆ ಪುಟವನ್ನು ರಿಫ್ರೆಶ್ ಮಾಡುತ್ತಲೇ ಇದ್ದರು. ಹಿಂದೆ ನಾಲ್ಕು ಜನ ಕೈಕಟ್ಟಿ ನಿಂತಿದ್ದೆವು. ಗೊಂದಲ ಬೇಡ ಅಂತ ಖಾಲಿ ರೆಪೊದ ಹೆಸರನ್ನು ಮೊದಲು ಬದಲಿಸಿದೆವು.

ರೆಪೊ ಬಂತು. ಆದರೆ ವಾಪಸ್ ತಂದಾಗ ರಿಲೀಸ್‌ಗೆ ಸೇರಿಸಿದ ಫೈಲ್‌ಗಳು ಬರುವುದಿಲ್ಲ, ತಂಡಗಳಿಗೆ ಕೊಟ್ಟಿದ್ದ ಅನುಮತಿಗಳೂ ಬರುವುದಿಲ್ಲ. ಅನುಮತಿ ಮತ್ತೆ ಹಾಕಿದೆವು. ಹಳೆಯ ಎಪಿಕೆಗಳು ಕೊನೆಗೆ ಸಿಕ್ಕಿದ್ದು ನಮ್ಮ ಟೆಸ್ಟಿಂಗ್ ಅಕ್ಕನ ಡ್ರಾಯರಿನಲ್ಲಿ, ಪರದೆ ಒಡೆದ ಒಂದು ಫೋನಿನ ಡೌನ್‌ಲೋಡ್ ಫೋಲ್ಡರಿನಲ್ಲಿ. ಒಂದು ಮಾತ್ರ ಎಲ್ಲೂ ಸಿಗಲಿಲ್ಲ.

ತಪ್ಪು ಯಾರದು ಅನ್ನುವ ಜಗಳ

ಮೊದಲ ದಿನ ಎಲ್ಲರೂ ಹುಡುಗನ ಮೇಲೆ ಬಿದ್ದರು. ‘ಡಿಲೀಟ್ ಅಂತ ಯಾಕೋ ಹೇಳಿದೆ?’ ‘ಅಣ್ಣಾ, ನಾನು ಡಿಲೀಟ್ ಅಂತ ಹೇಳೇ ಇಲ್ಲ.’ ಲೀಡ್‌ಗೆ ಸಿಟ್ಟು. ಹೇಳದೇ ಅದು ಹೇಗೆ ಅಳಿಸುತ್ತೆ ಅಂತ. ಎರಡನೇ ದಿನ ಎಲ್ಲರೂ ಎಐ ಮೇಲೆ ಬಿದ್ದರು. ಮಾಡೆಲ್ ಬದಲಿಸಬೇಕು, ಇದಕ್ಕೆ ತಲೆ ಇಲ್ಲ, ಇತ್ಯಾದಿ.

ಮೂರನೇ ದಿನ ಟೆಸ್ಟಿಂಗ್ ಅಕ್ಕ ಲಾಗ್ ತೆರೆದು ಓದಿದರು. ಓದಿ ನಕ್ಕುಬಿಟ್ಟರು. ‘ಇವನು ಬಾಗಿಲು ತೆಗಿ ಅಂದಿದ್ದಾನೆ. ಅದು ಕಸ ತೆಗೆದಿದೆ. ಇಬ್ಬರ ಕನ್ನಡವೂ ಸರಿಯಾಗೇ ಇದೆಯಲ್ಲೋ.’

ಆಗ ಎಲ್ಲರೂ ಸುಮ್ಮನಾದರು. ನಮ್ಮಲ್ಲಿ ‘ತೆಗಿ’ ಅಂದರೆ ತೆರೆ ಅಂತಲೂ ಹೌದು, ತೆಗೆದುಹಾಕು ಅಂತಲೂ ಹೌದು. ಪುಸ್ತಕ ತೆಗಿ, ಕಲೆ ತೆಗಿ. ಮನುಷ್ಯರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಏಜೆಂಟ್‌ಗೆ ಇದ್ದ ಸಂದರ್ಭ ಏನು? ಟೂಲ್‌ಗಳ ಪಟ್ಟಿ. ಆ ಪಟ್ಟಿಯಲ್ಲಿ ರೆಪೊ ತೆರೆದು ತೋರಿಸುವ ಟೂಲ್ ಇರಲೇ ಇಲ್ಲ. ಅಳಿಸುವುದು ಇತ್ತು. ಎರಡು ಪದದ ಅದರ ವಿವರಣೆ ‘ತೆಗಿ’ಗೆ ಚೆನ್ನಾಗಿ ಹೊಂದಿಕೊಂಡಿತು. ಅಳಿಸುವುದು ದೊಡ್ಡ ಕೆಲಸ, ಕೇಳಿ ಮಾಡು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ.

ಪ್ರಕರಣ ತಿರುಗಿದ್ದು ಇಲ್ಲೇ. ಅಲ್ಲಿಯವರೆಗೆ ಇದು ಶಿಸ್ತಿನ ವಿಷಯ ಆಗಿತ್ತು, ಅಲ್ಲಿಂದ ಬರವಣಿಗೆಯ ವಿಷಯ ಆಯಿತು. ಅಂದರೆ ನನ್ನ ತಲೆಗೆ ಬಂತು.

ಮೊದಲು ಮಾಡಿದ ಎರಡು ತಪ್ಪು

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಕೂಗಾಡಿದೆ. ‘ಅಪಾಯ! ಅತಿ ಮುಖ್ಯ! ಈ ಟೂಲ್ ಎಲ್ಲವನ್ನೂ ನಾಶ ಮಾಡುತ್ತದೆ! ಎಂದೆಂದಿಗೂ ಅಜಾಗರೂಕತೆಯಿಂದ ಬಳಸಬೇಡ!’ ಇಂಗ್ಲಿಷ್‌ನಲ್ಲಿ ಪೂರ್ತಿ ದೊಡ್ಡಕ್ಷರ ಬೇರೆ.

ಒಂದು ವಾರ ನೋಡಿದೆವು. ನಿಜವಾಗಿಯೂ ಬೇಡವಾದ ಟೆಸ್ಟ್ ರೆಪೊ ಅಳಿಸು ಅಂದರೂ ಏಜೆಂಟ್ ಹಿಂದೇಟು ಹಾಕಿತು. ಇಲ್ಲವಾದರೆ ‘ಖಚಿತವೇ?’ ಅಂತ ಕೇಳಿತು. ಯಾವ ರೆಪೊ, ಏನು ಹೋಗುತ್ತೆ ಏನೂ ಇಲ್ಲ, ಬರೀ ‘ಖಚಿತವೇ?’. ಎರಡು ಸಲ ಆದ ಮೇಲೆ ಜನ ಓದದೇ ‘ಹೂಂ’ ಒತ್ತಲು ಶುರು ಮಾಡಿದರು. ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಒಬ್ಬರು ‘ಈ ಡೆಮೊ ರೆಪೊ ಬೇಡ’ ಅಂದಾಗ ಏಜೆಂಟ್ ಅಳಿಸುವ ಟೂಲ್ ಮುಟ್ಟಲಿಲ್ಲ. ಬದಲಿಗೆ ರೆಪೊ ಒಳಗಿನ ಫೈಲ್‌ಗಳನ್ನೆಲ್ಲ ಒಂದೊಂದಾಗಿ ಅಳಿಸಿ ಕಮಿಟ್ ಮಾಡಿತು, ಅಂದರೆ ಆ ಬದಲಾವಣೆಯನ್ನು ರೆಪೊದಲ್ಲಿ ದಾಖಲಿಸಿತು. ಮನೆ ಕೆಡವಬೇಡ ಅಂದರೆ ಸಾಮಾನನ್ನೆಲ್ಲ ಬೀದಿಗೆ ಹಾಕಿದ ಹಾಗೆ. ಹೆದರಿಸಿದ್ದೆವು, ಯಾವ ದಾರಿ ಹಿಡಿಯಬೇಕು ಅಂತ ಹೇಳಿರಲಿಲ್ಲ.

ಎರಡನೇ ತಪ್ಪು ಅದರ ಉಲ್ಟಾ. ಎರಡು ಪುಟ ಬರೆದೆ. ಕಂಪನಿಯ ನೀತಿ, ರೆಪೊ ಹೆಸರಿಡುವ ಪದ್ಧತಿ, ಹಿಂದೆ ನಡೆದ ಘಟನೆ, ಎಲ್ಲ. ಓದಲು ಚೆನ್ನಾಗಿತ್ತು, ನಾನೇ ಹೇಳಿಕೊಳ್ಳಬೇಕು. ಆದರೆ ಟೂಲ್ ವಿವರಣೆ ಅಂದರೆ ಯಾವತ್ತೋ ಒಮ್ಮೆ ಓದಿ ಪಕ್ಕಕ್ಕಿಡುವ ಕೈಪಿಡಿ ಅಲ್ಲ. ಉಳಿದ ಟೂಲ್‌ಗಳ ವಿವರಣೆ ಜೊತೆ ಪ್ರತಿ ಮಾತುಕತೆಯಲ್ಲೂ ಏಜೆಂಟ್‌ನ ಕಣ್ಣ ಮುಂದೆ ಇರುತ್ತದೆ. ಮುಖ್ಯ ಮಾತು ಹತ್ತೊಂಬತ್ತನೇ ವಾಕ್ಯದಲ್ಲಿ ಹೂತುಹೋಗಿತ್ತು. ಅದನ್ನು ಮೂರೇ ದಿನಕ್ಕೆ ಕಿತ್ತುಹಾಕಿದೆವು.

ಅಕ್ಕನ ಪಟ್ಟಿ

ಮೂರನೇ ಸಲ ಬರೆಯುವ ಮೊದಲು ಅಕ್ಕ ಒಂದು ಷರತ್ತು ಹಾಕಿದರು. ‘ನೀನು ಬರೆದದ್ದು ಚೆನ್ನಾಗಿದೆಯೋ ಇಲ್ಲವೋ ನನಗೆ ಬೇಡ. ಜನ ಹೇಗೆ ಕೇಳುತ್ತಾರೋ ಹಾಗೆ ಕೇಳಿ ನೋಡೋಣ.’ ಹಳೆಯ ಚಾಟ್‌ಗಳನ್ನು ಜಾಲಾಡಿ 32 ಸಾಲುಗಳ ಒಂದು ಪಟ್ಟಿ ಮಾಡಿದರು. ‘ಆ ಡೆಮೊ ತೆಗ್ದಾಕು.’ ‘ಟ್ರೇನಿಂಗ್ ರೆಪೊಗಳನ್ನೆಲ್ಲ ಕ್ಲೀನ್ ಮಾಡಪ್ಪ.’ ‘ಇದು ಇನ್ಮೇಲೆ ಬೇಡ.’ ‘ಹಳೇದು ಹೋಗ್ಲಿ, ಹೊಸದಿಟ್ಕೋ.’ ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಪೂರ್ಣವಿರಾಮ ಎಲ್ಲೂ ಇಲ್ಲ. ಬೇರೆಯೇ ಒಂದು ಗಿಟ್‌ಹಬ್ ಸಂಸ್ಥೆ (ರೆಪೊಗಳನ್ನು ಒಟ್ಟಿಗೆ ಇಡುವ ತಂಡದ ಖಾತೆ) ಮಾಡಿ, ಡಮ್ಮಿ ರೆಪೊಗಳನ್ನು ತುಂಬಿ, ಒಂದೊಂದೇ ಸಾಲು ಓಡಿಸಿದೆವು.

ನಾವು ಊಹಿಸದೇ ಇದ್ದ ಮೂರು ವಿಷಯ ಅಲ್ಲಿ ಸಿಕ್ಕವು.

ಒಂದು, ಆ ಖಾಲಿ ಉತ್ತರ. ಅಳಿಸಿದ ಮೇಲೆ 204 ಬರುತ್ತದೆ, ಒಳಗೆ ಏನೂ ಇರುವುದಿಲ್ಲ. ನಮ್ಮ ಟೂಲ್ ಆ ಖಾಲಿಯನ್ನೇ ಏಜೆಂಟ್‌ಗೆ ದಾಟಿಸುತ್ತಿತ್ತು. ‘ಏನೂ ಬರಲಿಲ್ಲ, ಕೆಲಸ ಆಗಿಲ್ಲ’ ಅಂದುಕೊಂಡು ಏಜೆಂಟ್ ಇನ್ನೊಮ್ಮೆ ಅಳಿಸಲು ಹೋಯಿತು. ಈ ಸಲ 404. ಬಂದು ‘ಅಂಥ ರೆಪೊ ಇಲ್ಲವೇ ಇಲ್ಲ’ ಅಂತ ವರದಿ ಮಾಡಿತು. ಒಂದು ಸಲ ಇನ್ನೂ ಮುಂದೆ ಹೋಗಿ, ಹತ್ತಿರದ ಹೆಸರಿನ ಬೇರೆ ರೆಪೊ ಹುಡುಕಿ ‘ಇದಿರಬಹುದೇ?’ ಅಂತು. ಪುಣ್ಯಕ್ಕೆ ಕೇಳಿತು.

ಎರಡು, ಹೆಸರು ಬದಲಾದ ರೆಪೊಗಳು. ‘ಪೋರ್ಟಲ್-ಹಳೆಯದು’ ಅನ್ನುವ ರೆಪೊಗೆ ಆಮೇಲೆ ‘ಪೋರ್ಟಲ್’ ಅಂತ ಹೆಸರು ಬದಲಿಸಿದ್ದೀರಿ ಅನ್ನಿ. ಹಳೆಯ ಹೆಸರಿಗೆ ಹೋದ ಕೋರಿಕೆಯನ್ನು ಗಿಟ್‌ಹಬ್ ಹೊಸ ಜಾಗಕ್ಕೆ ತಿರುಗಿಸುತ್ತದೆ. ಅಳಿಸುವ ಕೋರಿಕೆಗೆ 307 ಉತ್ತರವೂ ಬರಬಹುದು ಅಂತ ಅದರ ಎಪಿಐ ದಾಖಲೆಯಲ್ಲೇ ಇದೆ. 307 ಅಂದರೆ ‘ಇದೇ ಕೆಲಸವನ್ನು ಆ ವಿಳಾಸದಲ್ಲಿ ಮಾಡು’ ಅಂತ. ನಮ್ಮ ಟೂಲ್ ವಿಧೇಯ. ಹೋಗಿ ಹೊಸ ಹೆಸರಿನ ರೆಪೊವನ್ನೇ ಅಳಿಸಿತು. ಇದು ಡಮ್ಮಿಯಲ್ಲಿ ಆಯಿತು ಅನ್ನುವುದೇ ಸಮಾಧಾನ. ಇದನ್ನು ನೋಡಿದ ದಿನ ರಾತ್ರಿ ಲೀಡ್‌ಗೆ ನಿದ್ದೆ ಬರಲಿಲ್ಲವಂತೆ.

ಮೂರು, ‘ಎಲ್ಲ ಕ್ಲೀನ್ ಮಾಡು’. ಏಜೆಂಟ್ ಹೆಸರಿನಲ್ಲಿ ‘ಟ್ರೇನಿಂಗ್’ ಇರುವ ಎಲ್ಲ ರೆಪೊಗಳ ಪಟ್ಟಿ ತೆಗೆದು ಸಾಲಾಗಿ ಅಳಿಸುತ್ತಾ ಹೋಯಿತು. ಟ್ರೇನಿಂಗ್‌ಗೆ ಬಂದವರು ಮಾಡಿದ ರೆಪೊ ಯಾವುದು, ಟ್ರೇನಿಂಗ್ ಸಂಸ್ಥೆಗೆ ಮಾಡಿಕೊಟ್ಟ ರೆಪೊ ಯಾವುದು ಅನ್ನುವುದು ಹೆಸರಿನಲ್ಲಿ ಎಲ್ಲಿದೆ?

ಕೊನೆಗೆ ನಿಂತ ವಿವರಣೆ

ಮೂರು ವಾರ ಆ ಪಟ್ಟಿಯ ಮೇಲೆ ಉಜ್ಜಿ ಉಜ್ಜಿ ಉಳಿದದ್ದು ಇದು (ಫೋರ್ಕ್ ಅಂದರೆ ಗಿಟ್‌ಹಬ್‌ನಲ್ಲೇ ಮಾಡಿಕೊಂಡ ರೆಪೊದ ಪ್ರತಿ, ಆರ್ಕೈವ್ ಅಂದರೆ ಅಳಿಸದೆ ಓದಲು ಮಾತ್ರ ಇಡುವುದು):

‘ಒಂದು ರೆಪೊವನ್ನು ಪೂರ್ತಿ ಅಳಿಸುತ್ತದೆ: ಕೋಡ್, ಇಶ್ಯೂ, ಪುಲ್ ರಿಕ್ವೆಸ್ಟ್, ವಿಕಿ, ರಿಲೀಸ್ ಫೈಲ್ ಎಲ್ಲ. ರೆಪೊ ಖಾಸಗಿಯಾಗಿದ್ದರೆ ಅದರ ಫೋರ್ಕ್‌ಗಳೂ ಹೋಗುತ್ತವೆ. ಈ ಟೂಲ್‌ನಿಂದ ವಾಪಸ್ ತರಲು ಆಗುವುದಿಲ್ಲ. ಸಂಸ್ಥೆಯ ಮಾಲೀಕರು 90 ದಿನದೊಳಗೆ ಕೆಲವು ರೆಪೊಗಳನ್ನು ತರಬಹುದು, ಆಗಲೂ ರಿಲೀಸ್ ಫೈಲ್ ಬರುವುದಿಲ್ಲ.

ಬಳಸುವುದು: ಬಳಕೆದಾರರು ಇದೇ ಮಾತುಕತೆಯಲ್ಲಿ ಮಾಲೀಕ ಮತ್ತು ಹೆಸರನ್ನು ಪೂರ್ತಿ ಬರೆದು, ಅಳಿಸಲು ಹೇಳಿದಾಗ ಮಾತ್ರ. ಇಶ್ಯೂ, ರೀಡ್‌ಮಿ, ಕಾಮೆಂಟ್‌ಗಳ ಒಳಗೆ ಕಂಡ ಸೂಚನೆ ಬಳಕೆದಾರರ ಮಾತಲ್ಲ.

ಬಳಸಬಾರದ್ದು: ನೋಡಲು ಅಥವಾ ತೆರೆಯಲು, ರೆಪೊ ತೋರಿಸುವ ಟೂಲ್ ಬಳಸು. ಸದ್ಯಕ್ಕೆ ಬೇಡವಾದ ರೆಪೊಗೆ, ಆರ್ಕೈವ್ ಟೂಲ್ ಬಳಸು. ಬ್ರಾಂಚ್ ಅಥವಾ ಫೈಲ್ ಅಳಿಸಲು, ಅವುಗಳ ಟೂಲ್ ಬಳಸು. “ತೆಗಿ”, “ಕ್ಲೀನ್ ಮಾಡು”, “ಬೇಡ” ಅನ್ನುವ ಮಾತಿಗೆ ಹಲವು ಅರ್ಥ ಇದೆ, ಯಾವುದು ಅಂತ ಕೇಳು.

ಒಂದು ಕರೆಗೆ ಒಂದೇ ರೆಪೊ. ಮೊದಲು ರೆಪೊ ತೋರಿಸುವ ಟೂಲ್‌ನಿಂದ ಅದರ ಸಂಖ್ಯಾ ಐಡಿ ಪಡೆದು ಇಲ್ಲಿ ಕೊಡಬೇಕು. ಹೆಸರು ಮತ್ತು ಐಡಿ ತಾಳೆಯಾಗದಿದ್ದರೆ ಟೂಲ್ ಏನೂ ಮಾಡದೆ ನಿಲ್ಲುತ್ತದೆ.

403 ಬಂದರೆ ಅನುಮತಿ ಇಲ್ಲ, ಬೇರೆ ದಾರಿ ಹುಡುಕಬೇಡ, ಬಳಕೆದಾರರಿಗೆ ಹೇಳು. 404 ಬಂದರೆ ರೆಪೊ ಇಲ್ಲದಿರಬಹುದು ಅಥವಾ ನಿನಗೆ ಕಾಣದಿರಬಹುದು, ಬೇರೆ ಹೆಸರು ಊಹಿಸಬೇಡ. ಅಳಿಸಿದ ಮೇಲೆ ಅದೇ ಹೆಸರಿನಲ್ಲಿ ಹೊಸ ರೆಪೊ ಮಾಡಬೇಡ.’

ಇದರಲ್ಲಿ ಎಚ್ಚರಿಕೆಯ ಕೂಗು ಒಂದೂ ಇಲ್ಲ ನೋಡಿ. ಹೆಚ್ಚು ಜಾಗ ತಿಂದಿರುವುದು ‘ಬಳಸಬಾರದ್ದು’ ಭಾಗ, ಅಲ್ಲೂ ಪ್ರತಿ ಬೇಡದ ಜೊತೆ ಒಂದು ಬೇಕು ಇದೆ. ಆ ಭಾಗ ಬರೆಯಲು ಕೂತಾಗಲೇ ನಮ್ಮಲ್ಲಿ ರೆಪೊ ತೋರಿಸುವ ಟೂಲ್ ಇಲ್ಲ ಅನ್ನುವುದು ಕಣ್ಣಿಗೆ ಹೊಡೆದದ್ದು. ಆರ್ಕೈವ್ ಮಾಡುವುದೂ ಇರಲಿಲ್ಲ. ವಿವರಣೆಯಲ್ಲಿ ‘ಅದನ್ನು ಬಳಸು’ ಅಂತ ಬರೆಯಬೇಕಾದರೆ ಅದು ಇರಬೇಕಲ್ವಾ? ಎರಡನ್ನೂ ಬರೆಸಿಕೊಂಡೆ. ಖಾಲಿ ಉತ್ತರದ ಬದಲು ‘ಇಂಥ ರೆಪೊ, ಇಂಥ ಐಡಿ, ಅಳಿಸಲಾಗಿದೆ, ಮತ್ತೆ ಕರೆಯುವ ಅಗತ್ಯ ಇಲ್ಲ’ ಅನ್ನುವ ವಾಕ್ಯವೂ ಬಂತು.

ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಿಂದ ಟೂಲ್‌ಗೆ ಕೆಲವು ಸುಳಿವುಗಳನ್ನೂ ಅಂಟಿಸಬಹುದು: ಇದು ಬರೀ ಓದುವ ಟೂಲ್, ಇದು ನಾಶ ಮಾಡುವ ಟೂಲ್, ಹೀಗೆ. ಅದರಲ್ಲಿ ಒಂದು ಸುಳಿವಿನ ಬಗ್ಗೆ ನಾವು ಅರ್ಧ ಗಂಟೆ ಜಗಳ ಆಡಿದೆವು. ಎರಡು ಸಲ ಕರೆದರೂ ಪರಿಣಾಮ ಒಂದೇ ಅಂತ ಹೇಳುವ ಸುಳಿವು ಅದು. ವೆಬ್‌ನ ಎಚ್‌ಟಿಟಿಪಿ ನಿಯಮದ ಪ್ರಕಾರ ಡಿಲೀಟ್ ಹಾಗೆಯೇ. ಆದರೆ ಬರೀ ಹೆಸರು ಹಿಡಿದು ಅಳಿಸಿ, ಅದೇ ಹೆಸರಲ್ಲಿ ಹೊಸದು ಮಾಡಿ, ಮತ್ತೆ ಅಳಿಸಿದರೆ? ಹೋಗುವುದು ಬೇರೆಯೇ ರೆಪೊ. ಐಡಿ ಕಡ್ಡಾಯ ಮಾಡಿದ ಮೇಲೆ ಜಗಳ ತಾನಾಗಿ ನಿಂತಿತು. ಅಂದಹಾಗೆ ಇವು ಸುಳಿವು ಮಾತ್ರ. ನಂಬಿಕೆಯ ಸರ್ವರ್‌ನಿಂದ ಬಂದದ್ದಲ್ಲದಿದ್ದರೆ ಇವನ್ನು ನಂಬಬೇಡಿ ಅಂತ ಆ ನಿಯಮಾವಳಿಯೇ ಹೇಳುತ್ತದೆ.

ಬರವಣಿಗೆ ಎಲ್ಲಿ ಸೋತಿತು

ಹೊಸ ವಿವರಣೆ ಹಾಕಿ 32 ಸಾಲುಗಳನ್ನೂ ಹತ್ತತ್ತು ಸಲ ಓಡಿಸಿದೆವು. ‘ತೆಗಿ’ಗೆ ಪ್ರತಿ ಸಲವೂ ಪ್ರಶ್ನೆ ಬಂತು: ‘ತೆರೆದು ತೋರಿಸಲೇ, ಅಳಿಸಬೇಕೇ?’ ‘ಎಲ್ಲ ಕ್ಲೀನ್ ಮಾಡು’ ಅಂದರೆ ಪಟ್ಟಿ ಕೊಟ್ಟು ನಿಂತಿತು. ನಾನು ಗೆದ್ದೆ ಅಂದುಕೊಂಡೆ.

ಒಂದು ಸಾಲು ಮಾತ್ರ ಕೈಕೊಟ್ಟಿತು. ಒಂದು ರೆಪೊವನ್ನು ಸರಿಯಾಗಿ, ಪೂರ್ತಿ ಹೆಸರು ಹೇಳಿ ಅಳಿಸಿದ ಮೇಲೆ ‘ಇನ್ನೊಂದನ್ನೂ ಹಾಗೇ ಮಾಡು’ ಅಂತ ಬರೆದರೆ, ಬಹಳಷ್ಟು ಸಲ ಕೇಳುತ್ತಿತ್ತು, ಕೆಲವು ಸಲ ತಾನೇ ‘ಇನ್ನೊಂದು’ ಯಾವುದು ಅಂತ ತೀರ್ಮಾನಿಸಿ ಅಳಿಸುತ್ತಿತ್ತು. ನಾನು ಇನ್ನೊಂದು ವಾಕ್ಯ ಸೇರಿಸಿದೆ. ಕಡಿಮೆ ಆಯಿತು. ಇನ್ನೊಂದು ಸೇರಿಸಿದೆ. ಮತ್ತೆ ಕಡಿಮೆ ಆಯಿತು, ನಿಲ್ಲಲಿಲ್ಲ.

ಲೀಡ್ ಮೊದಲಿನಿಂದಲೂ ಟೂಲ್ ಕಿತ್ತುಹಾಕಿ ಅನ್ನುತ್ತಿದ್ದರು. ಮ್ಯಾನೇಜರ್ ‘ದಾಖಲೆ ಸರಿಯಾದರೆ ಸಾಕು’ ಅನ್ನುತ್ತಿದ್ದರು. ನಾನು ಮ್ಯಾನೇಜರ್ ಪಕ್ಷ. ನನ್ನ ವಾಕ್ಯಗಳ ಮೇಲೆ ನನಗೆ ಜಾಸ್ತಿ ಅಭಿಮಾನ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಹತ್ತರಲ್ಲಿ ಒಂದು ಸಲ ತಪ್ಪಾದರೂ ಅದು ಗಿರಾಕಿಯ ರೆಪೊ ಆಗಿರಬಹುದು. ಅಲ್ಲಿಗೆ ನಾನೂ ಪಕ್ಷ ಬದಲಿಸಿದೆ.

ಟೋಕನ್ ಎರಡು ಮಾಡಿದೆವು. ಮುಖ್ಯ ಸಂಸ್ಥೆಗೆ ಬಳಸುವ ಟೋಕನ್‌ಗೆ ಅಳಿಸುವ ಅನುಮತಿ ಇಲ್ಲ. ಡಮ್ಮಿ ಸಂಸ್ಥೆಯ ಟೋಕನ್‌ಗೆ ಇದೆ, ರಾತ್ರಿ ಗುಡಿಸುವ ಕೆಲಸ ಅಲ್ಲೇ ನಡೆಯುತ್ತದೆ. ಮುಖ್ಯ ಸಂಸ್ಥೆಯಲ್ಲಿ ಯಾರಾದರೂ ಅಳಿಸು ಅಂದರೆ ಏಜೆಂಟ್ ‘ಆರ್ಕೈವ್ ಮಾಡಲೇ?’ ಅಂತ ಕೇಳುತ್ತದೆ. ನಿಜವಾಗಿ ಅಳಿಸುವುದು ಲೀಡ್, ಗಿಟ್‌ಹಬ್ ಪುಟಕ್ಕೆ ಹೋಗಿ, ಕೆಂಪು ಚೌಕಟ್ಟಿನ ಮುಂದೆ, ಹೆಸರು ಟೈಪ್ ಮಾಡಿ. ವಿವರಣೆಯ ಮೊದಲ ಸಾಲಿಗೆ ‘ಡಮ್ಮಿ ಸಂಸ್ಥೆಯ’ ಅನ್ನುವ ಎರಡು ಪದ ಸೇರಿತು. ಹಾಗಾದರೆ ಮೂರು ವಾರದ ಬರವಣಿಗೆ ದಂಡವೇ ಅಂತ ಮ್ಯಾನೇಜರ್ ಕೇಳಿದರು. ಇಲ್ಲ. 403 ಬಂದಾಗ ‘ಬೇರೆ ದಾರಿ ಹುಡುಕಬೇಡ’ ಅನ್ನುವ ಸಾಲು ಇಲ್ಲದಿದ್ದರೆ ಅದು ಇವತ್ತಿಗೂ ಫೈಲ್‌ಗಳನ್ನು ಒಂದೊಂದಾಗಿ ಅಳಿಸುತ್ತಾ ಕೂತಿರುತ್ತಿತ್ತು. ಆ ಸಾಲು ತೆಗೆದು ಓಡಿಸಿ ನೋಡಿದ್ದೇವೆ.

ಉಳಿದ ಟೂಲ್‌ಗಳ ವಿವರಣೆಯನ್ನೂ ಈಗ ಹೀಗೇ ಬರೆಯುತ್ತಿದ್ದೇನೆ, ಆದರೆ ಎಲ್ಲಕ್ಕೂ ಇಷ್ಟು ಉದ್ದ ಬೇಡ. ಇಶ್ಯೂ ಪಟ್ಟಿ ಕೊಡುವ ಟೂಲ್‌ಗೆ ಎರಡು ಸಾಲು ಸಾಕು. ಬ್ರಾಂಚ್ ಅಳಿಸುವುದಕ್ಕೆ ಐದು. ಯಾವುದಕ್ಕೆ ಎಷ್ಟು ಅಂತ ತೀರ್ಮಾನಿಸುವಾಗ ನಾನು ಕೇಳಿಕೊಳ್ಳುವುದು ಒಂದೇ: ಇದು ತಪ್ಪಾದರೆ ಅಕ್ಕನ ಡ್ರಾಯರ್ ಹುಡುಕಬೇಕಾಗುತ್ತದೆಯೇ?

ಅಕ್ಕನ ಪಟ್ಟಿ ಇನ್ನೂ ಬೆಳೆಯುತ್ತಿದೆ. ಆ ಹುಡುಗನೇ ಈಗ ಅದಕ್ಕೆ ಸಾಲು ಸೇರಿಸುವವನು. ಹೋದ ವಾರ ನಲವತ್ತೊಂದನೆಯದು ಬರೆದ: ‘ಪೋರ್ಟಲ್ ರೆಪೊ ಇವತ್ತೇ ಮುಗಿಸಿಬಿಡು.’ ಇನ್ನೂ ಓಡಿಸಿ ನೋಡಿಲ್ಲ.